ಶನಿವಾರದವರ ಗೋರಿಗಳ ಗುತ್ತೆವ್ವ

ಮೂಡಣ ಈಗಷ್ಟೇ ಬೂದಿಬಣ್ಣಕ್ಕೆ ತಿರುಗಿದೆ. ರಾಣೆಬೆನ್ನೂರಿನಿಂದ ಮೇಡ್ಲೇರಿಗೆ ಹೋಗುವ ರಸ್ತೆ ಬಿಟ್ಟು ಗಾಡಿದಾರಿಯಲ್ಲಿ ಒಳಗೆ ಇಳಿದರೆ ಗಾಣದಕಟ್ಟಿ ಎಂಬ ಸಣ್ಣ ಊರು ಸಿಗುತ್ತದೆ. ಊರು ಮುಗಿದ ಮೇಲೆ, ಎರಡು ಗೋವಿನಜೋಳದ ಹೊಲಗಳ ನಡುವೆ, ಒಂದು ತುಂಡು ನೆಲ. ಅಲ್ಲಿ ಗುತ್ತೆವ್ವ ಕುಕ್ಕರಗಾಲಿನಲ್ಲಿ ಕುಳಿತು ಬಳ್ಳಾರಿ ಜಾಲಿಯ ಬುಡ ಕಡಿಯುತ್ತಿದ್ದಾರೆ. ಎಡಗೈಗೆ ಹಳೆಯ ಸೀರೆಯ ಚೂರು ಸುತ್ತಿಕೊಂಡಿದ್ದಾರೆ. ಕಡಿದ ಮುಳ್ಳನ್ನು ಚಪ್ಪಲಿಗಾಲಿನಿಂದ ಒತ್ತಿ ಒಂದು ಕಡೆ ಸರಿಸುತ್ತಾರೆ, ಕೊಯ್ದ ಹುಲ್ಲನ್ನು ಇನ್ನೊಂದು ಕಡೆ ಗುಡ್ಡೆ ಹಾಕುತ್ತಾರೆ. ಹುಲ್ಲು ಎಮ್ಮೆಗೆ, ಮುಳ್ಳು ಬೇಲಿಗೆ. ಕುಡುಗೋಲಿನ ಸಪ್ಪಳ ಬಿಟ್ಟರೆ ಅಲ್ಲಿ ಬೇರೆ ಸದ್ದಿಲ್ಲ.

ಬೆಳಕು ಬಂದಂತೆ ಹುಲ್ಲಿನ ಸಂದಿಯಿಂದ ಕಲ್ಲುಗಳು ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಮೂವತ್ತಕ್ಕೂ ಹೆಚ್ಚು. ಕೆಲವು ನೆಟ್ಟಗೆ ನಿಂತಿವೆ, ಕೆಲವು ವಾಲಿವೆ, ಕೆಲವು ಮುಕ್ಕಾಲುಪಾಲು ನೆಲದೊಳಗೆ ಇಳಿದಿವೆ. ಎಲ್ಲದರ ಮೇಲೂ ಚೌಕ ಚೌಕವಾದ, ಬಲದಿಂದ ಎಡಕ್ಕೆ ಓದಬೇಕಾದ ಅಕ್ಷರಗಳಿವೆ. ಅವನ್ನು ಓದಬಲ್ಲವರು ಈ ಊರಿನಲ್ಲಿ ಈಗ ಒಬ್ಬರೂ ಇಲ್ಲ. ಇವು ಯಹೂದಿಗಳ ಗೋರಿಗಳು. ಊರಿನವರಿಗೆ ಆ ಹೆಸರು ಗೊತ್ತಿಲ್ಲ. ಅವರು ಹೇಳುವುದು ‘ಶನಿವಾರದವರು’ ಎಂದು.

ಒಂದು ಬದಿಗೆ ಮಾತ್ರ ಉಳಿದಿರುವ ಹಳೆಯ ಗೋಡೆಯ ಮಗ್ಗುಲಲ್ಲಿ ತೊಟ್ಟಿಲಿನಷ್ಟು ಉದ್ದದ ಐದಾರು ಗೋರಿಗಳಿವೆ. ಗುತ್ತೆವ್ವ ಯಾವಾಗಲೂ ಅಲ್ಲಿಂದಲೇ ಕೆಲಸ ಶುರು ಮಾಡುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾನು ಯಾಕೆ ಎಂದು ಕೇಳಿದರೆ, ಅವರಿಗೆ ಅದು ಕೇಳಬೇಕಾದ ಪ್ರಶ್ನೆಯೇ ಅಲ್ಲ.

“ಮನ್ಯಾಗ ಹ್ಯಾಂಗ ಮಾಡತೀರಿ? ಮೊದ್ಲು ಕೂಸಿಗೆ ನೀರ ಹಾಕತೀವಿ, ಆಮ್ಯಾಲ ದೊಡ್ಡೋರು. ಇಲ್ಲೂ ಹಂಗರಿ.”

ಇವತ್ತು ಶುಕ್ರವಾರ. ಹೊತ್ತು ಮುಳುಗುವುದರೊಳಗೆ ಇಲ್ಲಿ ಒಂದು ಕೆಲಸ ಮುಗಿಯಬೇಕಾಗಿದೆ. ಈ ನೆಲದಲ್ಲಿ ಕೊನೆಯದಾಗಿ ಮಣ್ಣಾದ ಹೆಣ್ಣುಮಗಳ ಗೋರಿಯ ಮೇಲೆ ಅವರ ಹೆಸರಿಲ್ಲ, ಬೇರೆಯವರ ಹೆಸರಿದೆ. ಅದನ್ನು ಹಾಕಿಸಿದವರು ಗುತ್ತೆವ್ವನೇ. ಸರಿ ಮಾಡಬೇಕಾದವರೂ ಈಗ ಅವರೊಬ್ಬರೇ. ಕಲ್ಲು ಕೆಲಸದ ಮೈಲಾರಲಿಂಗ ಬಿಸಿಲು ಏರುವ ಮೊದಲು ಬರುತ್ತೇನೆಂದು ಹೇಳಿ ಕಳಿಸಿದ್ದಾರೆ. ಗುತ್ತೆವ್ವ ಆಗಾಗ ಕುಡುಗೋಲು ನಿಲ್ಲಿಸಿ ಗಾಡಿದಾರಿಯ ಕಡೆ ನೋಡುತ್ತಾರೆ.

ಶನಿವಾರದವರು ಈ ಊರಿಗೆ ಯಾವಾಗ ಬಂದರೆಂದು ಖಚಿತವಾಗಿ ಹೇಳುವವರಿಲ್ಲ. ಕೊಂಕಣದ ಕಡೆಯಿಂದ ಬಂದರು, ಎಣ್ಣೆ ಗಾಣದವರು, ಮೊದಲು ಬಂದದ್ದು ಮೂರು ಮನೆ ಎಂದಷ್ಟೇ ಹಿರಿಯರ ನೆನಪು. ಮನೆಯೊಳಗೆ ಮರಾಠಿ, ಗಾಣದ ಹತ್ತಿರ ಕನ್ನಡ. ಕುಸುಬಿ ಮತ್ತು ಶೇಂಗಾ ಎಣ್ಣೆ ತೆಗೆದು ರಾಣೆಬೆನ್ನೂರು, ಬ್ಯಾಡಗಿ ಸಂತೆಗಳಿಗೆ ಗಾಡಿಯಲ್ಲಿ ಕಳಿಸುತ್ತಿದ್ದರು. ಶುಕ್ರವಾರ ಸಂಜೆ ದೀಪ ಹಚ್ಚಿದರೆ ಶನಿವಾರ ಸಂಜೆಯವರೆಗೆ ಗಾಣ ತಿರುಗುತ್ತಿರಲಿಲ್ಲ. ಮನುಷ್ಯರಿಗಷ್ಟೇ ಅಲ್ಲ, ಎತ್ತಿಗೂ ಸೂಟಿ. ಬಸ್ಸು ನಿಲ್ಲುವ ಕಡೆ ಕುಳಿತಿದ್ದ ಗುಡ್ಡಪ್ಪಜ್ಜನಿಗೆ ತಮ್ಮ ಅಜ್ಜ ಇದನ್ನು ಹೇಳಿ ನಗುತ್ತಿದ್ದುದು ಇನ್ನೂ ನೆನಪಿದೆ.

“ನಮ್ಮಜ್ಜ ಆ ಮನ್ಯಾಗ ದುಡದಾಂವ. ಮುಂದಿನ ಜನ್ಮ ಅಂತ ಇದ್ರ ಶನಿವಾರದೋರ ಮನ್ಯಾಗ ಎತ್ತಾಗಿ ಹುಟ್ಟತೇನಿ, ನಿಮ್ಮಜ್ಜಿ ಕೈಯಾಗ ಗಂಡಾಗಿ ಮಾತ್ರ ಬ್ಯಾಡ ಅಂತಿದ್ದ.”

ಗುಡ್ಡಪ್ಪಜ್ಜ ಕುಳಿತಿದ್ದ ಕಲ್ಲು ಅದೇ ಗಾಣದ್ದು. ನಡುವೆ ಕುಳಿ ಇರುವ ಆ ದುಂಡನೆಯ ಕಲ್ಲನ್ನು ಯಾವಾಗಲೋ ಉರುಳಿಸಿಕೊಂಡು ಬಂದು ಬೇವಿನ ಕೆಳಗೆ ಹಾಕಿದ್ದಾರೆ. ಬಸ್ಸಿಗೆ ಕಾಯುವವರು ಅದರ ಮೇಲೆ ಕೂರುತ್ತಾರೆ. ಮಳೆ ಬಂದರೆ ಕುಳಿಯಲ್ಲಿ ನೀರು ನಿಂತು ಗುಬ್ಬಿಗಳು ಮುಳುಗೇಳುತ್ತವೆ.

ರಾಣೆಬೆನ್ನೂರಿನಲ್ಲಿ ಎಣ್ಣೆ ಗಿರಣಿಗಳಾದ ಮೇಲೆ ಎತ್ತಿನ ಗಾಣಕ್ಕೆ ಗಿರಾಕಿ ಕಡಿಮೆಯಾದರು. ಅದೇ ಹೊತ್ತಿಗೆ ದೂರದಲ್ಲಿ ಅವರದೇ ದೇಶ ಹುಟ್ಟಿತು. ಮುಂಬೈಯಿಂದ ಹಡಗು ಹತ್ತಿ ಒಂದೊಂದೇ ಮನೆ ಹೊರಟಿತು. ಹೊರಟವರು ಹಿಂದಿನ ದಿನ ಇಲ್ಲಿಗೆ ಬಂದು, ತಮ್ಮ ಹಿರಿಯರ ಕಲ್ಲು ಮುಟ್ಟಿ ಹೋಗುತ್ತಿದ್ದರಂತೆ. ಉಳಿದದ್ದು ಒಂದು ಮನೆ. ಆ ಮನೆಯ ಹನ್ನಾಬಾಯಿ ಗಂಡನ ಗೋರಿ ಬಿಟ್ಟು ಬರಲಾರೆ ಎಂದರು. ಗಂಡುಮಕ್ಕಳು ಹೋದರು. ಮಗಳು ಸಿಪೋರಾಬಾಯಿ ತಾಯಿಗಾಗಿ ನಿಂತರು. ತಾಯಿ ತೀರಿಕೊಂಡ ಮೇಲೂ ಹೋಗಲಿಲ್ಲ.

ಸಿಪೋರಾಬಾಯಿ ಬ್ಯಾಡಗಿಯಲ್ಲಿ ದಾದಿಯಾಗಿದ್ದರು. ಸಂಜೆಯ ಬಸ್ಸಿಗೆ ಊರಿಗೆ ಬರುತ್ತಿದ್ದರು. ಈ ಊರಿನಲ್ಲಿ ಹುಟ್ಟಿದ ಮೂವತ್ತು ನಲವತ್ತರ ಯಾರನ್ನಾದರೂ ನಿಲ್ಲಿಸಿ ಕೇಳಿ, ಅವರನ್ನು ಮೊದಲು ಎತ್ತಿಕೊಂಡ ಕೈ ಸಿಪೋರಾಬಾಯಿಯದೇ ಆಗಿರುತ್ತದೆ. ಅವರಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಊರಿನವರೆಲ್ಲ ‘ಬಾಯಾರು’ ಎಂದೇ ಕರೆಯುತ್ತಿದ್ದರು.

ಗುತ್ತೆವ್ವ ಈ ಊರಿಗೆ ಸೊಸೆಯಾಗಿ ಬಂದದ್ದು ಹೊಳೆಸಾಲಿನ ಇನ್ನೊಂದು ಊರಿನಿಂದ. ಗೋರಿಗಳ ಕೆಲಸ ಅತ್ತೆ ಫಕ್ಕೀರವ್ವನಿಂದ ಬಂದದ್ದು. ಗಾಣದ ಮನೆಯವರು ಫಕ್ಕೀರವ್ವನಿಗೆ ಒಂದು ಮಾತು ಹೇಳಿದ್ದರು: ಒಳಗಿನ ಹುಲ್ಲು ನಿನ್ನದು, ಮುಳ್ಳು ಬೆಳೆಯದಂತೆ ನೋಡಿಕೋ. ಕಾಗದವಿಲ್ಲ, ಪತ್ರವಿಲ್ಲ. ಮಾತು ಕೊಟ್ಟವರು ಇಲ್ಲ, ತೆಗೆದುಕೊಂಡವರೂ ಇಲ್ಲ. ಆದರೂ ಅದು ಗುತ್ತೆವ್ವನ ಕೈಯಲ್ಲಿ ಇನ್ನೂ ನಡೆಯುತ್ತಿದೆ.

ಬೆಳಗಿನ ಈ ಕೆಲಸ ಮುಗಿಸಿ, ರೊಟ್ಟಿ ಕಟ್ಟಿಕೊಂಡು, ಅವರು ಬೀಜದ ಹೊಲಕ್ಕೆ ಕೂಲಿ ಹೋಗುತ್ತಾರೆ. ರಾಣೆಬೆನ್ನೂರು ಸೀಮೆಯ ಹೆಂಗಸರಿಗೆ ಗೊತ್ತಿರುವ ಕೆಲಸ. ಒಂದು ಹೂವಿನ ಪುಡಿ ತೆಗೆದು ಇನ್ನೊಂದು ಹೂವಿಗೆ ಮುಟ್ಟಿಸುವುದು, ಸಾಲಿನಿಂದ ಸಾಲಿಗೆ ಬಗ್ಗಿಕೊಂಡೇ ಹೋಗುವುದು. ಸುಗ್ಗಿಯಲ್ಲಿ ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದರು, ಈಗ ಕೆಮ್ಮು ತಡೆಯುವುದಿಲ್ಲ ಎಂದು ಬಿಟ್ಟಿದ್ದಾರೆ. ಗಂಡ ಹೋಗಿ ಬಹಳ ವರ್ಷವಾಯಿತು. ಮಗ ಚನ್ನೇಶ ಹಾವೇರಿಯಲ್ಲಿ ಲಾರಿ ಓಡಿಸುತ್ತಾನೆ. ಮನೆಯಲ್ಲಿ ಇವರು ಮತ್ತು ಸೊಸೆ ನಾಗಲಕ್ಷ್ಮಿ. ಅಂಗಾಲಿನಲ್ಲಿ ಜಾಲಿಮುಳ್ಳು ಮುರಿದು ಉಳಿದ ಗಂಟುಗಳಿವೆ. ಎದ್ದೇಳುವಾಗ ಕಲ್ಲು ಹಿಡಿದುಕೊಳ್ಳಬೇಕು. ಯಾವ ಗೋರಿಯ ಕಲ್ಲು ಗಟ್ಟಿ, ಯಾವುದನ್ನು ಹಿಡಿಯಬಾರದು ಎಂಬುದು ಕೈಗೇ ಗೊತ್ತು.

ಪಕ್ಕದ ಹೊಲದವರು ವರ್ಷಕ್ಕೊಂದು ಸಾಲು ಒಳಗೆ ಉಳುತ್ತಾರೆ. ಇವರು ಮುಳ್ಳು ತಂದು ಆ ಸಾಲಿನ ಮೇಲೆ ಹಾಕುತ್ತಾರೆ. ಜಗಳವಿಲ್ಲ, ಮಾತಿಲ್ಲ. ಊರ ಹೆಂಗಸರು ಹಾಸ್ಯ ಮಾಡುವುದುಂಟು. ಇರುವವರ ಮನೆಯ ಅಂಗಳ ಗುಡಿಸಿದರೆ ಒಂದು ಕಪ್ಪು ಚಹಾ ಆದರೂ ಸಿಗುತ್ತದೆ, ನಿನಗೆ ಇವರು ಏನು ಕೊಡುತ್ತಾರೆ ಎಂದು. ಗುತ್ತೆವ್ವ ಅದಕ್ಕೂ ಉತ್ತರ ಇಟ್ಟುಕೊಂಡಿದ್ದಾರೆ.

“ಇವ್ರು ಎದ್ದು ಬಂದು, ಇಲ್ಲಿ ಕಸಾ ಉಳದೈತಿ ಅಂತ ತೋರ್ಸೂದಿಲ್ಲಲ್ಲ. ಅಷ್ಟ ಸಾಕವ್ವ.”

ಶನಿವಾರ ಮಾತ್ರ ಅವರು ಒಳಗೆ ಕಾಲಿಡುವುದಿಲ್ಲ. ಅದು ಬಾಯಾರು ಹಾಕಿದ ಕಟ್ಟು. ಕುಂಕುಮ, ಭಂಡಾರ ಹಚ್ಚಬಾರದು, ಕಾಯಿ ಒಡೆಯಬಾರದು, ಹೊರಗೆ ಹೋಗುವಾಗ ಕೈ ತೊಳೆದುಕೊಳ್ಳಬೇಕು. ಬಾಣಂತಿಯರು ಕೂಸನ್ನು ತಂದು ಬಾಯಾರ ಗೋರಿಗೆ ಅರಿಶಿನ ಹಚ್ಚಲು ಹೋದರೆ ಗುತ್ತೆವ್ವ ಅಡ್ಡ ನಿಲ್ಲುತ್ತಾರೆ. ಕೂಸನ್ನು ತೋರಿಸಿ ಹೋಗಿ, ಅವರಿಗೆ ಅಷ್ಟೇ ಬೇಕಾದದ್ದು ಎನ್ನುತ್ತಾರೆ.

ಚನ್ನೇಶ ಹುಟ್ಟಿದ ದಿನ ಹಳ್ಳ ತುಂಬಿ ಹರಿಯುತ್ತಿತ್ತಂತೆ. ಬಾಯಾರು ಎದೆಮಟ್ಟದ ನೀರಿನಲ್ಲಿ, ಚೀಲವನ್ನು ತಲೆಯ ಮೇಲಿಟ್ಟುಕೊಂಡು ದಾಟಿ ಬಂದರು. ಕೂಸಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿತ್ತು, ಮೈ ನೀಲಿಯಾಗಿತ್ತು. ಬಹಳ ಹೊತ್ತು ಅಳಲಿಲ್ಲ. ಬಾಯಾರು ಬೆನ್ನು ತಿಕ್ಕುತ್ತ ತಮ್ಮ ಭಾಷೆಯಲ್ಲಿ ಏನೋ ಹೇಳುತ್ತಿದ್ದರು.

“ಬೈಯಾಕತ್ಯಾರೋ, ದೇವರಿಗೆ ಬೇಡಕೊಳ್ಳಾಕತ್ಯಾರೋ ತಿಳೀಲಿಲ್ರಿ. ಕೂಸು ಅತ್ತ ಮ್ಯಾಲ ಕನ್ನಡದಾಗ ನನಗ ಬೈದ್ರು. ಏನ ಗುತ್ತಿ, ಹಿಂತಾ ಮಳ್ಯಾಗ ಹಡೀಬೇಕಂತ ಹಟಾ ಹಿಡದಿದ್ದೇನು ಅಂತ.”

ಬಾಯಾರು ತೀರಿಕೊಂಡದ್ದು ಲಾಕ್‌ಡೌನ್ ಕಾಲದಲ್ಲಿ. ಜ್ವರವಲ್ಲ, ಮುಪ್ಪು. ರೈಲು, ಬಸ್ಸು ಎಲ್ಲ ನಿಂತಿದ್ದವು. ದೂರದ ದೇಶದಲ್ಲಿದ್ದ ಅಣ್ಣನ ಮಕ್ಕಳ ನಂಬರಿಗೆ ಫೋನು ಹತ್ತಲಿಲ್ಲ. ಮುಂಬೈಯಿಂದ ಬರುವುದು ಯಾರಿಗೂ ಸಾಧ್ಯವಿರಲಿಲ್ಲ. ಆದರೆ ಬಾಯಾರು ಮಲಗಿದಲ್ಲಿಂದಲೇ ಎಲ್ಲ ಹೇಳಿಟ್ಟಿದ್ದರು. ಸುಡಬಾರದು. ಚೆನ್ನಾಗಿ ತೊಳೆಯಬೇಕು, ಬಿಳಿ ಬಟ್ಟೆ ಸುತ್ತಬೇಕು, ತಲೆ ಯಾವ ದಿಕ್ಕಿಗೆ, ಕಾಲು ಯಾವ ದಿಕ್ಕಿಗೆ. ಗುತ್ತೆವ್ವ ಮತ್ತು ನೆರೆಮನೆಯ ತಾಜಬಿ ಸೇರಿ ತೊಳೆದರು. ತಮ್ಮವರ ಹೆಣ್ಣುಮಕ್ಕಳು ತೀರಿಕೊಂಡಾಗ ನೀರು ಹಾಕುವ ಕೆಲಸ ತಾಜಬಿಗೆ ರೂಢಿಯಿತ್ತು.

ಬಾಯಾರು ವರ್ಷಕ್ಕೊಮ್ಮೆ ಅವಲಕ್ಕಿ, ಕೊಬ್ಬರಿ, ಸಕ್ಕರೆ ಕಲಸಿ, ಹಣ್ಣು ಇಟ್ಟು, ತಮ್ಮ ಪ್ರವಾದಿಯ ಹೆಸರಿನಲ್ಲಿ ಮಲೀದಾ ಮಾಡಿ ಓಣಿಗೆಲ್ಲ ಹಂಚುತ್ತಿದ್ದರು. ತಾಜಬಿಯ ಮನೆಯ ಮಲೀದಾ ಗೋಧಿಯದು. ಯಾವುದು ಖರೇ ಮಲೀದಾ ಎಂದು ಇಬ್ಬರೂ ವರ್ಷಗಟ್ಟಲೆ ವಾದ ಮಾಡಿದ್ದರು. ಬಿಳಿ ಬಟ್ಟೆಯ ಕೊನೆಯ ಗಂಟು ಹಾಕುವಾಗ ತಾಜಬಿ ಬಾಯಾರ ಕಿವಿಯ ಹತ್ತಿರ ಬಗ್ಗಿದರು ಎಂದು ಗುತ್ತೆವ್ವ ಹೇಳುತ್ತಾರೆ.

“‘ನಮ್ಮ ಜಗಳಾ ಇನ್ನೂ ಮುಗದಿಲ್ಲ ನೋಡ ಬಾಯಿ’ ಅಂದ್ಳು. ಆಮ್ಯಾಲ ಹೊರಗ ಹೋಗಿ ಗ್ವಾಡಿಗೆ ಮುಖಾ ಮಾಡಿ ನಿಂತ್ಳು.”

ಮಣ್ಣು ಮಾಡಿದ ಮೇಲೆ ಹೇಳಬೇಕಾದ ಮಾತು ಯಾರಿಗೂ ಗೊತ್ತಿರಲಿಲ್ಲ. ನಾಲ್ಕಾರು ಜನ ಬಾಯಿಗೆ ಬಟ್ಟೆ ಕಟ್ಟಿಕೊಂಡು, ದೂರ ದೂರ ನಿಂತಿದ್ದರು. ಆಮೇಲೆ ಒಬ್ಬೊಬ್ಬರೇ ಹೋದರು.

ಶನಿವಾರದವರಲ್ಲಿ ಗೋರಿಗೆ ಕಲ್ಲು ನಿಲ್ಲಿಸುವುದು ಕೂಡಲೇ ಅಲ್ಲ, ಕೆಲವು ಕಾಲ ಕಳೆದ ಮೇಲೆ. ಬಾಯಾರು ನೀರು, ಬಟ್ಟೆ, ದಿಕ್ಕು ಎಲ್ಲ ಹೇಳಿದ್ದರು, ಕಲ್ಲಿನ ಮಾತು ಮಾತ್ರ ಎತ್ತಿರಲಿಲ್ಲ. ಅಷ್ಟರಲ್ಲಿ ತಮ್ಮವರು ಯಾರಾದರೂ ಬಂದೇ ಬರುತ್ತಾರೆ ಎಂದುಕೊಂಡಿದ್ದಿರಬೇಕು. ಬೇಸಿಗೆ ತಿರುಗಿ ಬಂತು. ಯಾರೂ ಬರಲಿಲ್ಲ. ಮಳೆಗೆ ಮಣ್ಣು ಕುಸಿದು ಗೋರಿ ನೆಲಸಮವಾಗತೊಡಗಿತು. ಗುತ್ತೆವ್ವ ಬಾಯಾರದೇ ಬಿದ್ದ ಮನೆಯ ಬಾಗಿಲ ಮೇಲಿದ್ದ ಕಲ್ಲನ್ನು ಗಾಡಿಯಲ್ಲಿ ಹೇರಿಸಿಕೊಂಡು ಮೈಲಾರಲಿಂಗನ ಬಳಿ ಹೋದರು.

ಮೈಲಾರಲಿಂಗ ಒರಳು, ಬೀಸುಕಲ್ಲು ಕಡೆದು ಬದುಕಿದವರು. ಮಿಕ್ಸರ್ ಬಂದ ಮೇಲೆ ಗುಡಿಗಳಿಗೆ ದಾನ ಕೊಟ್ಟವರ ಹೆಸರು ಕೆತ್ತುತ್ತಾರೆ. ಏನು ಕೆತ್ತಲಿ ಎಂದು ಕೇಳಿದಾಗ ಗುತ್ತೆವ್ವ ಅವರನ್ನು ಇಲ್ಲಿಗೆ ಕರೆತಂದು ಹನ್ನಾಬಾಯಿಯ ಕಲ್ಲು ತೋರಿಸಿದರು. ತಾಯಿಯದು ಹೇಗಿದೆಯೋ ಮಗಳದೂ ಹಾಗೇ ಇರಲಿ ಎಂದರು.

“ನಮ್ಮ ಕಡೆ ಗದ್ದಗಿ ಮ್ಯಾಲ ಓಂ ನಮಃ ಶಿವಾಯ ಅಂತ ಬರಸತಾರಲ್ರಿ, ಎಲ್ಲಾರಿಗೂ ಅದನ. ಇದೂ ಅವರ ದೇವರ ಮಾತು ಇರಬೇಕು, ಎಲ್ಲಾ ಕಲ್ಲಿಗೂ ಒಂದ ಅಂತ ತಿಳಕೊಂಡಿದ್ದೆ.”

ಮೈಲಾರಲಿಂಗ ಹನ್ನಾಬಾಯಿಯ ಕಲ್ಲಿನ ಮೇಲೆ ತೆಳುವಾದ ಪಂಜೆ ಹಾಸಿ, ಇದ್ದಿಲು ತಿಕ್ಕಿ ಅಚ್ಚು ತೆಗೆದರು. ಅಕ್ಷರದ ತಲೆ ಯಾವುದು, ಕಾಲು ಯಾವುದು ಗೊತ್ತಿಲ್ಲದವರು, ಒಂದು ಚುಕ್ಕೆಯೂ ತಪ್ಪದಂತೆ ಕೆತ್ತಿದರು. ಕೂಲಿ ಮುಟ್ಟಲಿಲ್ಲ. ಅವರ ಮೂರೂ ಮಕ್ಕಳು ಬಾಯಾರ ಕೈಯಲ್ಲೇ ಹುಟ್ಟಿದವರು.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಮುಂಬೈ ಹತ್ತಿರದ ಠಾಣೆ ಎಂಬ ಊರಿನಿಂದ ಒಬ್ಬ ಮುದುಕರು ಬಂದರು. ಹೆಸರು ಎಲಿಜರ್. ಈ ಊರಿನವರಿಗೆ ಅವರು ಠಾಣೆ ಕಾಕಾ. ಹನ್ನಾಬಾಯಿ ಅವರ ಅಜ್ಜಿಯ ತಂಗಿ. ಸಾಯುವ ಮೊದಲು ಒಮ್ಮೆ ತಂಗಿಯ ಗೋರಿಕಲ್ಲು ಮುಟ್ಟಬೇಕೆಂದು ಅವರ ಅಜ್ಜಿ ಆಸೆಪಟ್ಟಿದ್ದರಂತೆ, ಆಗಿರಲಿಲ್ಲ. ಕಾಕಾ ಹಾವೇರಿಯಲ್ಲಿ ರೈಲು ಇಳಿದು ದಾರಿ ಕೇಳಿದ್ದಾರೆ. ಒಬ್ಬರು ಮುಸ್ಲಿಮರ ಖಬರಸ್ತಾನ ತೋರಿಸಿದರು, ಇನ್ನೊಬ್ಬರು ಕ್ರೈಸ್ತರ ಸಮಾಧಿಗಳ ಕಡೆ ಕಳಿಸಿದರು. ಮರುದಿನ ಹೇಗೋ ಗಾಣದಕಟ್ಟಿ ಮುಟ್ಟಿದರು.

ಹನ್ನಾಬಾಯಿಯ ಕಲ್ಲನ್ನು ಅವರು ತಾವಾಗಿಯೇ ಗುರುತಿಸಿದರು. ಅಕ್ಷರಗಳ ಮೇಲೆ ಬಲದಿಂದ ಎಡಕ್ಕೆ ಬೆರಳಾಡಿಸಿ ಓದಿದರು, ಅತ್ತರು, ಗುತ್ತೆವ್ವ ಕೊಟ್ಟ ನೀರು ಕುಡಿದರು. ಆಮೇಲೆ ಉಳಿದ ಕಲ್ಲುಗಳನ್ನು ಓದುತ್ತ ಗೋಡೆಯ ತನಕ ಹೋದರು. ಕೊನೆಯ ಹೊಸ ಕಲ್ಲಿನ ಮುಂದೆ ನಿಂತರು. ಓದಿದರು. ತಿರುಗಿ ಮೊದಲಿನ ಕಲ್ಲಿನ ಹತ್ತಿರ ಹೋಗಿ ಅದನ್ನೊಮ್ಮೆ ಓದಿದರು. ಮತ್ತೆ ಬಂದರು. ಕೊನೆಗೆ, ನಮ್ಮ ಹನ್ನಾ ಅಜ್ಜಿ ಎರಡು ಸಲ ಸತ್ತಳೇನು ಎಂದು ಮರಾಠಿಯಲ್ಲಿ ಕೇಳಿದರು. ಬಾಯಾರ ಮನೆಯಲ್ಲಿ ಕೇಳಿ ಕೇಳಿ ಗುತ್ತೆವ್ವನಿಗೆ ಅಷ್ಟು ಮರಾಠಿ ತಿಳಿಯುತ್ತದೆ. ಚೇಷ್ಟೆ ಎಂದುಕೊಂಡು ನಕ್ಕರು. ಕಾಕಾನ ಮುಖ ನೋಡಿದ ಮೇಲೆ ನಗು ನಿಂತಿತು.

ಎರಡೂ ಕಲ್ಲುಗಳ ಮೇಲೆ ಇದ್ದದ್ದು ಹನ್ನಾಬಾಯಿಯ ಹೆಸರು, ಹನ್ನಾಬಾಯಿ ತೀರಿಕೊಂಡ ತಿಥಿ. ಕೆತ್ತನೆಯಲ್ಲಿ ಒಂದು ಗೆರೆಯೂ ತಪ್ಪಿಲ್ಲ ಎಂದು ಕಾಕಾ ಒಪ್ಪಿಕೊಂಡರು. ಸಂಜೆ ಇದನ್ನು ಕೇಳಿದ ಮೈಲಾರಲಿಂಗ ಮೀಸೆ ತಿರುವಿ, ಹಾಗಾದರೆ ಕೆಲಸ ಚೆನ್ನಾಗಿ ಮಾಡಿದ್ದೇನೆ ಎಂದರಂತೆ. ಚೆನ್ನಾಗಿ ಮಾಡಿದ್ದಕ್ಕೇ ಕೆಟ್ಟಿತು ಎಂದು ಗುತ್ತೆವ್ವ ಅಂದರಂತೆ.

ಅಂದಿನಿಂದ ಗುತ್ತೆವ್ವನಿಗೆ ಆ ಗೋರಿಯ ಮುಂದೆ ಕೂರುವುದು ಕಷ್ಟವಾಯಿತು. ಉಳಿದ ಕಡೆಯೆಲ್ಲ ಗುಡಿಸಿ ಅದನ್ನು ಕೊನೆಗೆ ಬಿಡುತ್ತಿದ್ದರು. ಬೀಜದ ಹೊಲದಲ್ಲೂ ಅದೇ ಯೋಚನೆ. ಇಷ್ಟು ಜನಕ್ಕೆ ಬೆಳಕು ತೋರಿಸಿದವರು, ತಾವೇ ಹೆಸರಿಲ್ಲದೆ ಮಲಗಿದ್ದಾರೆ.

“ದಿನಾ ಬಂದು ‘ಬಾಯಾರ, ಬಂದೇನಿ ನೋಡ್ರಿ’ ಅಂತಿದ್ದೆ. ಆಮ್ಯಾಲ ಅನ್ನಾಕ ಬಾಯಿ ಬರಲಿಲ್ರಿ. ಗುರ್ತಿನ ಮನಿ ಬಾಗಲಾ ಬಡದು, ಒಳಗಿಂದ ಬ್ಯಾರೆಯವರು ಬಂದು ತಗದಂಗ ಆಗತಿತ್ತು.”

ಬೇಸಿಗೆಯಲ್ಲಿ ಸರಿಯಾದ ಕಲ್ಲು ಕೆತ್ತಿಸಿಕೊಂಡು ತಾನೇ ಬರುತ್ತೇನೆ ಎಂದು ಕಾಕಾ ಹೇಳಿ ಹೋಗಿದ್ದರು. ಬೇಸಿಗೆ ಕಳೆಯಿತು. ನಾಗಲಕ್ಷ್ಮಿಯ ಫೋನಿಗೆ ಕಾಕಾನ ಮಗ ಕರೆ ಮಾಡಿದ. ಕಾಕಾನಿಗೆ ಲಕ್ವ ಹೊಡೆದಿತ್ತು. ಇನ್ನು ಪ್ರಯಾಣವಿಲ್ಲ. ಕಾಕಾ ತೊದಲುತ್ತಲೇ ಒಂದು ಮಾತು ಹೇಳಿದರು: ಆ ಕಲ್ಲು ಕಿತ್ತುಬಿಡಿ, ಇಲ್ಲವೇ ಅಕ್ಷರ ಅಳಿಸಿಬಿಡಿ. ಸುಳ್ಳು ಕಲ್ಲಿಗಿಂತ ಬರಿಯ ಗೋರಿಯೇ ವಾಸಿ.

ಅಳಿಸುವುದು ಮೈಲಾರಲಿಂಗನಿಗೆ ದೊಡ್ಡ ಕೆಲಸವಲ್ಲ. ಎರಡು ದಿನದಲ್ಲಿ ಬೋಳು ಮಾಡಿಕೊಡುತ್ತೇನೆ ಎಂದರು. ಕಲ್ಲು ಕೆತ್ತುವ ಚಾಣ ಹಿಡಿದು ಬಂದೂ ಬಂದರು. ಗುತ್ತೆವ್ವ ತಿರುಗಿಸಿ ಕಳಿಸಿದರು.

“ಹೆತ್ತ ತಾಯಿ ಹೆಸರ ಐತಿ ಅಂತ ಗೊತ್ತಾದ ಮ್ಯಾಲ ಅದಕ್ಕ ಚಾಣ ಹಚ್ಚೂದು ಹ್ಯಾಂಗರಿ? ತಾಯಿ ಸಲುವಾಗಿನ ಊರು ಬಿಡಲಿಲ್ಲ ಬಾಯಾರು.”

ಕೀಳುವಂತಿಲ್ಲ, ಇಡುವಂತಿಲ್ಲ. ಮಳೆಗಾಲವೆಲ್ಲ ಹೀಗೇ ಹೋದ ಮೇಲೆ ದಾರಿ ಕಂಡದ್ದು ಬೀಜದ ಹೊಲದಲ್ಲಿ. ಅವತ್ತು ಕೂಲಿಗೆ ಹೊಸದಾಗಿ ಒಬ್ಬಳು ಬಂದಿದ್ದಳು. ಯಾರ ಮಗಳು ನೀನು ಎಂದು ಹೆಂಗಸರು ಕೇಳಿದರು. ಅವಳು ತಾಯಿಯ ಹೆಸರು ಹೇಳಿದಳು. ತಾಯಿ ಎಲ್ಲರಿಗೂ ಗೊತ್ತಿದ್ದವಳು. ಅಷ್ಟಕ್ಕೇ ಅವಳಿಗೆ ಸಾಲಿನಲ್ಲಿ ಜಾಗ ಸಿಕ್ಕಿತು, ಡಬ್ಬಿಯಿಂದ ಒಂದು ರೊಟ್ಟಿಯೂ ಸಿಕ್ಕಿತು. ಗುತ್ತೆವ್ವ ಕೈಯಲ್ಲಿದ್ದ ಹೂವು ಹಿಡಿದುಕೊಂಡೇ ನಿಂತರಂತೆ. ಸಂಜೆ ಮನೆಗೆ ಬಂದವರೇ ಕಾಲು ತೊಳೆಯುವ ಮೊದಲು ಸೊಸೆಗೆ, ಕಾಕಾಗೆ ಫೋನು ಹಚ್ಚು ಎಂದರು.

ಮೇಲಿನದು ಹಾಗೇ ಇರಲಿ, ಕೆಳಗೆ ‘ಮಗಳು ಸಿಪೋರಾಬಾಯಿ’ ಎಂದು ಕನ್ನಡದಲ್ಲಿ ಕೆತ್ತಿಸಲೇ ಎಂದು ಕೇಳಿದರು. ಕಾಕಾ ತೊದಲುತ್ತ, ನಿಧಾನವಾಗಿ ಹೇಳಿದರು. ಅವರಲ್ಲಿ ಗೋರಿಯ ಮೇಲೆ ಬರೆಯುವುದು ತಂದೆಯ ಹೆಸರು. ಆದರೆ ಯಾರಾದರೂ ಜಡ್ಡಾಗಿ ಮಲಗಿದರೆ, ದೇವರ ಮುಂದೆ ಅವರಿಗಾಗಿ ಬೇಡಿಕೊಳ್ಳುವಾಗ ತಾಯಿಯ ಹೆಸರು ಹಿಡಿದು ಹೇಳುತ್ತಾರೆ, ಇಂಥವಳ ಮಗು ಇವನು, ಕಾಪಾಡು ಎಂದು. ತನಗಾಗಿ ಈಗ ದಿನವೂ ಮನೆಯಲ್ಲಿ ಹಾಗೇ ಹೇಳುತ್ತಿದ್ದಾರೆ ಎಂದರು. ತಿಥಿ ತಪ್ಪಾಗಿಯೇ ಉಳಿಯುತ್ತದೆ, ಆದರೂ ಕೆತ್ತಿಸು ಎಂದರು.

ಮೈಲಾರಲಿಂಗ ಬಂದಾಗ ಬಿಸಿಲು ಏರಿಯಾಗಿದೆ. ಹೆಗಲ ಮೇಲೆ ಗೋಣಿಚೀಲ, ಅದರೊಳಗೆ ಚಾಣಗಳು, ಸುತ್ತಿಗೆ. ತಡವಾಯಿತೆಂದು ಗುತ್ತೆವ್ವ ಮುಖ ತಿರುಗಿಸಿ ಕೂರುತ್ತಾರೆ. ಕಲ್ಲಿನ ಮುಂದೆ ಚೀಲ ಇಳಿಸಿ ಅವರು ಕೇಳುತ್ತಾರೆ:

“ಈ ಸಲ ಯಾರ ಹೆಸರು ಕೆತ್ತಾಕತ್ತೇನಿ ಅಂತ ನಿನಗ ಖರೇನ ಗೊತ್ತೈತೇನ ಗುತ್ತೆವ್ವ?”

“ನಿನಗ ಓದಾಕ ಬರತೈತಿಲ್ಲೊ ಮೈಲಾರಣ್ಣ, ಈ ಸಲ ತಪ್ಪಿದ್ರ ನಿಂದ ತಪ್ಪು.”

ಅಷ್ಟರಲ್ಲಿ ಮನೆಯಿಂದ ಬಂದ ನಾಗಲಕ್ಷ್ಮಿ ಬಳಪದಿಂದ ಕಲ್ಲಿನ ಮೇಲೆ ದುಂಡಗೆ ಬರೆಯುತ್ತಾಳೆ. ಮೇಲಿನ ಚೌಕ ಅಕ್ಷರಗಳಿಗೂ ಕೆಳಗಿನ ಕನ್ನಡಕ್ಕೂ ನಡುವೆ ಮೂರು ಬೆರಳಿನ ಜಾಗ. ಮೈಲಾರಲಿಂಗ ಮೊದಲ ಏಟು ಹಾಕುವ ಮುಂಚೆ ಬಳಪದ ಗೆರೆಯ ಮೇಲೆ ಚಾಣ ಇಟ್ಟು ಇಟ್ಟು ತೆಗೆಯುತ್ತಾರೆ. ವಯಸ್ಸಾಯಿತೇ ಎಂದು ಕೇಳಿದರೆ ಅಲ್ಲ ಎನ್ನುತ್ತಾರೆ.

“ಗೊತ್ತಿಲ್ಲದ ಅಕ್ಷರಾ ಕೆತ್ತುಮುಂದ ಕೈ ಗಟ್ಟಿ ಇತ್ರಿ. ಇದು ಬಾಯಾರ ಹೆಸರು ಅಂತ ಗೊತ್ತಾಗೇತಿ ನೋಡ್ರಿ, ಅದಕ್ಕ.”

ದಿನವೆಲ್ಲ ಟಕ್ ಟಕ್ ಎಂಬ ಸದ್ದು ಗೋವಿನಜೋಳದ ಮೇಲೆ ಹಾಯುತ್ತದೆ. ಯಾರೂ ನೋಡಲು ಬರುವುದಿಲ್ಲ. ಕೂಲಿಯ ದಿನ, ಊರೆಲ್ಲ ಹೊಲದಲ್ಲಿದೆ. ಗುತ್ತೆವ್ವ ಇವತ್ತಿನ ಕೂಲಿ ಬಿಟ್ಟಿದ್ದಾರೆ. ಕಲ್ಲಿನ ಪುಡಿ ಅಕ್ಷರದಲ್ಲಿ ತುಂಬಿದಾಗಲೆಲ್ಲ ಬಗ್ಗಿ ಊದುತ್ತಾರೆ. ಮಧ್ಯಾಹ್ನ ತಾಜಬಿ ಕೋಲೂರಿಕೊಂಡು ಬಂದು, ಗೋಡೆಯ ಹೊರಗೇ ಸ್ವಲ್ಪ ಹೊತ್ತು ನಿಂತು, ಒಂದು ಡಬ್ಬಿ ಕೊಟ್ಟು ಹೋಗುತ್ತಾರೆ. ಅದರೊಳಗೆ ಅವಲಕ್ಕಿ, ಕೊಬ್ಬರಿ, ಸಕ್ಕರೆ. ಗೋಧಿಯಲ್ಲ. ಗುತ್ತೆವ್ವ ಡಬ್ಬಿ ತೆರೆದು ನೋಡಿ ಮತ್ತೆ ಮುಚ್ಚುತ್ತಾರೆ. ಆಮೇಲೆ ಅವರು ಮೂವರೂ ನಾನೂ ಹಂಚಿಕೊಂಡು ತಿನ್ನುತ್ತೇವೆ.

ಹೊತ್ತು ಇಳಿಯುತ್ತಿದ್ದಂತೆ ಕೊನೆಯ ಅಕ್ಷರ ಮುಗಿಯುತ್ತದೆ. ಮೈಲಾರಲಿಂಗ ಚಾಣ ಕೆಳಗಿಟ್ಟು ಬೆರಳು ಮಡಚಿ ಬಿಡಿಸಿ ನೋಡಿಕೊಳ್ಳುತ್ತಾರೆ. ಗುತ್ತೆವ್ವ ಕಲ್ಲಿನ ಮೇಲೆ ನೀರು ಸುರಿದು, ಕೂಸಿನ ಮೈ ತೊಳೆದಂತೆ ಅಂಗೈಯಲ್ಲಿ ತೀಡಿ ತೀಡಿ ಪುಡಿ ತೆಗೆಯುತ್ತಾರೆ. ಒದ್ದೆ ಕಲ್ಲಿನ ಮೇಲೆ ಎರಡೂ ಬರಹ ಕಪ್ಪಗೆ ಎದ್ದು ಕಾಣುತ್ತವೆ. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಆದರೆ ಮೇಲಿನ ಸಾಲಿನ ಮೇಲೆ, ಕಾಕಾ ಮಾಡಿದಂತೆಯೇ, ಬಲದಿಂದ ಎಡಕ್ಕೆ ಬೆರಳು ಒಯ್ದು ‘ಹನ್ನಾಬಾಯಿ’ ಎನ್ನುತ್ತಾರೆ. ಕೆಳಗಿನದನ್ನು ನೀನು ಓದು ಎಂದು ಸೊಸೆಯ ಕಡೆ ನೋಡುತ್ತಾರೆ.

“ಮಗಳು ಸಿಪೋರಾಬಾಯಿ,” ಎಂದು ನಾಗಲಕ್ಷ್ಮಿ ಓದುತ್ತಾಳೆ.

“ಇನ್ನೊಮ್ಮೆ ಓದ ನಾಗಿ.”

ನಾಗಲಕ್ಷ್ಮಿ ಇನ್ನೊಮ್ಮೆ ಓದುತ್ತಾಳೆ. ಗುತ್ತೆವ್ವ ಸೆರಗಿನಿಂದ ಕೈ ಒರೆಸಿಕೊಂಡು, ಬಾಯಾರ, ಬಂದೇನಿ ನೋಡ್ರಿ, ಎಂದು ಸಣ್ಣ ದನಿಯಲ್ಲಿ ಹೇಳುತ್ತಾರೆ. ಮೈಲಾರಲಿಂಗ ಚೀಲ ಕಟ್ಟುವ ನೆಪದಲ್ಲಿ ಆ ಕಡೆ ತಿರುಗುತ್ತಾರೆ.

ಇನ್ನು ಸ್ವಲ್ಪ ಹೊತ್ತಿಗೆ ಶನಿವಾರ ಶುರುವಾಗುತ್ತದೆ. ಎಲ್ಲರೂ ಹೊರಗೆ ಬಂದು ಕೈ ತೊಳೆದುಕೊಳ್ಳುತ್ತೇವೆ. ಮುಂದೆ ಏನು ಆಸೆ ಎಂದು ಕೇಳಿದರೆ ಗುತ್ತೆವ್ವ ಮೊಣಕಾಲು ಒತ್ತಿಕೊಳ್ಳುತ್ತ ನಿಂತಲ್ಲಿಂದಲೇ ಒಳಗೆ ನೋಡುತ್ತಾರೆ.

“ಈ ಕಾಲು ಇನ್ನೆಷ್ಟು ದಿನಾ ನಡೀತಾವೋ ಗೊತ್ತಿಲ್ರಿ. ನಾ ಬರೂದು ನಿಂತ ಮ್ಯಾಲ ಜಾಲಿ ಬೆಳೀತೈತಿ. ಬೆಳೀಲಿ, ಅದನ್ನ ಯಾರು ತಡೀತಾರ. ಎಂದರ ಯಾರರ ಬಂದು ಮುಳ್ಳ ಸರಸಿ ನೋಡಿದ್ರ, ಬಾಯಾರು ಸಿಗತಾರ. ಅಷ್ಟಾದ್ರ ನನಗ ಸಾಕು.”